ಚಕ್ರದ ಒಳಗಿನ ಕುಂಕುಮ

ಜಂಗಮಕೋಟೆಯ ನಮ್ಮ ಮನೆಯಲ್ಲಿ ದನಕ್ಕೂ ವ್ಯಾನಿಗೂ ಒಂದೇ ಕೊಟ್ಟಿಗೆ. ಎಡಗಡೆ ಎರಡು ಹಸು, ಒಂದು ಎಮ್ಮೆ. ಬಲಗಡೆ ಅಪ್ಪನ ವ್ಯಾನು. ನಡುವೆ ಗೋಡೆಯಿರಲಿಲ್ಲ, ಒಂದು ಬಿದಿರಿನ ಗಳ ಅಡ್ಡ ಕಟ್ಟಿತ್ತು ಅಷ್ಟೇ. ವ್ಯಾನಿನ ಹಾರನ್ ಕೇಳದಿದ್ದರೆ ನಮ್ಮ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಊರಿನವರು ತಮಾಷೆ ಮಾಡುತ್ತಿದ್ದರು. ಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡಿನವರು ಹರಾಜು ಹಾಕಿದ ಗಾಡಿ ಅದು. ಅದರ ಹಸಿರು ಬಣ್ಣ ಕೆರೆದರೆ ಒಳಗೆ ಇನ್ನೊಂದು ಹಸಿರು ಇತ್ತು. ಬೆಳಗ್ಗೆ ರೇಷ್ಮೆಗೂಡಿನ ಮಂಕರಿಗಳನ್ನು ಶಿಡ್ಲಘಟ್ಟಕ್ಕೆ ಸಾಗಿಸುವುದು, ಬರುವಾಗ ಜನರನ್ನು ತುಂಬಿಕೊಂಡು ಬರುವುದು, ಸಂತೆಯ ದಿನ ಚಿಂತಾಮಣಿಗೆ ಹೋಗುವುದು, ಇದು ಅಪ್ಪನ ದಿನಚರಿ. ಅವನ ಹೆಸರು ನಾರಾಯಣಪ್ಪ. ಊರಿನ ಬಾಯಲ್ಲಿ ವ್ಯಾನ್ ನಾರಾಯಣಪ್ಪ. ಆ ಹೆಸರಿನಲ್ಲಿ ನನಗೆ ಎಷ್ಟು ಜಂಬವಿತ್ತೆಂದರೆ, ಇಸ್ಕೂಲಿನಲ್ಲಿ ಮೇಷ್ಟರು ಅಪ್ಪನ ಹೆಸರು ಕೇಳಿದಾಗ ನಾನು 'ವ್ಯಾನ್' ಸೇರಿಸಿಯೇ ಹೇಳುತ್ತಿದ್ದೆ.

ಮನೆಯೊಳಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ. ಜಗಲಿ ಅಪ್ಪನದು, ಅಡಿಗೆಮನೆ ಅಮ್ಮನದು, ಹಿತ್ತಲ ಬಾಗಿಲ ಹೊಸ್ತಿಲು ಅಜ್ಜಿಯದು. ಅಜ್ಜಿ ಅಂದರೆ ಅಪ್ಪನ ತಾಯಿ, ಗೌರಿಬಿದನೂರು ಕಡೆಯ ನಗರಗೆರೆಯವಳು. ತಾತ ಸತ್ತು ಬಹಳ ಕಾಲವಾಗಿತ್ತು. ಬೋಳು ಹಣೆ, ಬರಿಗೈ. ಕೆಲಸದಲ್ಲಿ ಮಾತ್ರ ಅಮ್ಮನಿಗಿಂತ ಚುರುಕು. ಮುದ್ದೆ ಕಟ್ಟುವುದು ಅವಳೇ, ಹುರುಳಿ ಬಸ್ಸಾರಿಗೆ ಒಗ್ಗರಣೆ ಹಾಕುವುದು ಅವಳೇ, ಹರಳು ಹುರಿದು ಕುಟ್ಟಿ ಕುದಿಸಿ ಎಣ್ಣೆ ತೆಗೆಯುವುದೂ ಅವಳೇ. ಆ ಹರಳೆಣ್ಣೆ ನಮ್ಮ ತಲೆಗೆ, ದನದ ಕೊಂಬಿಗೆ, ಕುಡುಗೋಲಿಗೆ, ಬಾಗಿಲ ಕೀಲಿಗೆ, ಎಲ್ಲಕ್ಕೂ. ಆದರೆ ಯಾರಾದರೂ ಒಳ್ಳೆಯ ಕೆಲಸಕ್ಕೆಂದು ಮನೆ ಬಿಟ್ಟು ಹೊರಟರೆ ಅಜ್ಜಿ ತಾನಾಗಿಯೇ ಹಿಂದಕ್ಕೆ ಸರಿಯುತ್ತಿದ್ದಳು. ನಾವು ಹೇಳಬೇಕಾಗಿರಲಿಲ್ಲ. ಹೇಳಿಸಿಕೊಳ್ಳದೆ ಸರಿಯುತ್ತಾಳಲ್ಲ ಎಂದು ಅಮ್ಮ ಹತ್ತು ಜನರೆದುರು ಅವಳನ್ನು ಹೊಗಳುತ್ತಿದ್ದಳು, ನಾನೂ ಅದನ್ನು ದೊಡ್ಡ ಗುಣವೆಂದೇ ತಿಳಿದಿದ್ದೆ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ನಾನು ಹೇಳಲಿರುವ ಆಯುಧಪೂಜೆಯ ಹಿಂದಿನ ವರ್ಷ ಒಂದು ಸಂಗತಿ ನಡೆದಿತ್ತು. ಕೆರೆ ಏರಿ ಇಳಿದ ಕೂಡಲೇ ಸಿಕ್ಕುವುದು ಬಚ್ಚಣ್ಣನ ಮನೆ, ಅದಕ್ಕಂಟಿಕೊಂಡು ಅವನ ಹುಳುಮನೆ. ರೇಷ್ಮೆ ಸಾಕುವವರು ಹುಳುಮನೆಗೆ ಯಾರನ್ನೆಂದರೆ ಅವರನ್ನು ಬಿಡುವುದಿಲ್ಲ. ಹುಳು ಅಂದರೆ ಹಸುಗೂಸಿದ್ದ ಹಾಗೆ, ಕಣ್ಣು ತಾಗುತ್ತದೆ, ಮೈಲಿಗೆ ತಾಗುತ್ತದೆ. ಬಚ್ಚಣ್ಣನ ತಾಯಿ ಮುನಿಯಮ್ಮನಿಗೆ ಜ್ವರ ಬಂದಾಗ ಅಜ್ಜಿ ಹೋಗಿ ಎರಡು ದಿನ ಹಿಪ್ಪುನೇರಳೆ ಸೊಪ್ಪು ಹೆಚ್ಚಿಕೊಟ್ಟು ಬಂದಳು. ಆ ಸಲ ಹುಳುವಿಗೆಲ್ಲ ಹಾಲುರೋಗ ಬಂದು ಬೆಳೆ ಹೋಯಿತು. ಜ್ವರ ಬಿಟ್ಟೆದ್ದ ಮುನಿಯಮ್ಮ ಬೀದಿಯಲ್ಲಿ ನಿಂತು, ಮುಂಡೆ ಕಾಲಿಟ್ಟಳು, ಮನೆ ತೊಳೆದು ಹೋಯಿತು ಎಂದು ಕೂಗಾಡಿದಳು. ಅಂದಿನಿಂದ ಅಜ್ಜಿ ಆ ಬೀದಿ ತುಳಿಯುವುದನ್ನು ಬಿಟ್ಟು, ಕೆರೆಗೆ ಹೋಗಬೇಕಾದರೆ ತೋಪಿನ ಕಡೆಯಿಂದ ಸುತ್ತಿ ಹೋಗುತ್ತಿದ್ದಳು. ಅಪ್ಪ ಇದನ್ನು ನೋಡಿಯೂ ನೋಡದವನಂತೆ ಇದ್ದ. ಹಾಗೆಂದು ನಾನು ಅಂದುಕೊಂಡಿದ್ದೆ.

ನಮ್ಮ ಮನೆಯ ದೊಡ್ಡ ಹಬ್ಬ ಆಯುಧಪೂಜೆ. ಬೇರೆಯವರ ಮನೆಯಲ್ಲಿ ಹೂರಣದ ವಾಸನೆಯಿಂದ ಹಬ್ಬ ಗೊತ್ತಾದರೆ ನಮ್ಮಲ್ಲಿ ಸೀಮೆಎಣ್ಣೆಯ ವಾಸನೆಯಿಂದ. ಬೇರೆ ಡ್ರೈವರುಗಳು ಗಾಡಿಯ ಮೈ ತೊಳೆದು, ಗಾಜು ಒರೆಸಿ, ಎದುರಿಗೊಂದು ಹಾರ ಹಾಕಿ ಮುಗಿಸುತ್ತಿದ್ದರು. ಅಪ್ಪ ಹಬ್ಬದ ಹಿಂದಿನ ದಿನ ವ್ಯಾನನ್ನು ಜಾಕಿಯಲ್ಲಿ ಎತ್ತಿ, ಅಚ್ಚಿನ ಕೆಳಗೆ ಸೈಜುಗಲ್ಲು ಕೊಟ್ಟು, ನಾಲ್ಕೂ ಚಕ್ರ ಕಳಚುತ್ತಿದ್ದ. ಆಮೇಲೆ ಬ್ರೇಕಿನ ಡ್ರಮ್ಮುಗಳು ಬರುತ್ತಿದ್ದವು, ನೋಡಲು ತಳವಿದ್ದ ದಪ್ಪ ಕಬ್ಬಿಣದ ಬೋಗುಣಿಗಳು. ಅದರ ಒಳಗೆ ಕೂರುವ, ಅರ್ಧಚಂದ್ರದ ಆಕಾರದ ಎರಡೆರಡು ಶೂಗಳು. ಕಾಲಲ್ಲಿ ಬ್ರೇಕು ಒತ್ತಿದರೆ ಈ ಶೂಗಳು ಅಗಲಿಸಿಕೊಂಡು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಇಷ್ಟನ್ನು ಅಪ್ಪ ನನಗೆ ಎರಡು ಅಂಗೈ ಮತ್ತು ಒಂದು ಚೊಂಬು ಇಟ್ಟುಕೊಂಡು ತೋರಿಸಿಕೊಟ್ಟಿದ್ದ. ಅವನ್ನೆಲ್ಲ ಹಿತ್ತಲಿಗೆ ತಂದು, ವರ್ಷವಿಡೀ ಕೂತ ಕಪ್ಪು ಧೂಳನ್ನು ತಂತಿಯ ಬ್ರಷ್ಷಿನಲ್ಲಿ ಕೆರೆದು, ಬಾಂಡ್ಲಿಯಲ್ಲಿ ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ, ತುಕ್ಕು ಕಂಡ ಕಡೆ ಉಪ್ಪುಕಾಗದ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಡ್ರಮ್ಮಿನ ಹೊರಮೈಗೆ ಮಾತ್ರ ಕೆಂಪು ಬಣ್ಣ ಬಳಿಯುತ್ತಿದ್ದ. ಚಕ್ರದ ತೂತುಗಳ ಸಂದಿಯಲ್ಲಿ ಆ ಕೆಂಪು ಇಷ್ಟೇ ಇಷ್ಟು ಇಣುಕುತ್ತಿತ್ತು. ಈಗಿನ ಹುಡುಗರು ಭಾನುವಾರ ಬೈಕನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಬ್ರೇಕಿನ ಕ್ಯಾಲಿಪರಿಗೆ ಕೆಂಪು ಬಳಿಯುವುದನ್ನು ಕಂಡರೆ ನಾನು ಆ ಕಡೆ ಹೆಚ್ಚು ಹೊತ್ತು ನೋಡಲಾರೆ. ಅಷ್ಟು ಕಷ್ಟಪಟ್ಟು ಕಾಣದ ಸಾಮಾನಿಗೆ ಯಾಕೆ ಬಣ್ಣ ಎಂದು ಅಮ್ಮ ರೇಗಿಸಿದರೆ ಅಪ್ಪನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು:

"ಎಂಜಿನ್ ಕೆಟ್ರೆ ಗಾಡಿ ನಿಂತ್ಕೊಳ್ತೈತೆ, ಇಳಿದು ತಳ್ಳಬೋದು. ಬ್ರೇಕ್ ಕೆಟ್ರೆ ಗಾಡಿ ನಿಲ್ಲಲ್ಲ. ಯಾವುದಕ್ಕೆ ಪೂಜೆ ಜಾಸ್ತಿ ಮಾಡ್ಬೇಕು ನೀನೇ ಹೇಳು. ನನ್ನ ಪ್ರಾಣ ಇರೋದು ಅದ್ರಲ್ಲಿ."

ಆ ಸಾಮಾನನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಏನು ತಾಗಬಾರದು ಎಂದು ಮನೆಯಲ್ಲಿ ಯಾರಿಗೂ ಹೇಳುವ ಪ್ರಮೇಯವೇ ಬಂದಿರಲಿಲ್ಲ. ಆ ವರ್ಷ ಬಣ್ಣ ಬಳಿದು, ಎಲ್ಲವನ್ನೂ ಗೋಣಿತಾಟಿನ ಮೇಲೆ ಸಾಲಾಗಿ ಒಣಗಲಿಟ್ಟು, ಹೂವು, ನಿಂಬೆಹಣ್ಣು, ಬಾಳೆಕಂದು ತರಲು ಸೈಕಲ್ಲಿನಲ್ಲಿ ಶಿಡ್ಲಘಟ್ಟಕ್ಕೆ ಹೋದ. ಅಮ್ಮ ಒಳಗೆ ಬೇಳೆ ಬೇಯಲಿಟ್ಟಿದ್ದಳು. ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆ. ಅಜ್ಜಿ ಹೊಸ್ತಿಲು ದಾಟಿ ಬಂದು ಆ ಕಬ್ಬಿಣಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತೊಳೆದು ಒಣಗಿದ ಶೂಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ತವರಿನಲ್ಲಿ ಆಯುಧಪೂಜೆಯೆಂದರೆ ನೇಗಿಲ ಗುಳ, ಕುಡುಗೋಲು, ಮಚ್ಚು ತೊಳೆದು ಎಣ್ಣೆ ಸವರಿ ಕುಂಕುಮ ಇಡುವುದು. ಮದುವೆಗೆ ಮುಂಚೆ ಅದು ಇವಳದೇ ಕೆಲಸವಾಗಿತ್ತಂತೆ. ಎದ್ದು ಒಳಗೆ ಹೋಗಿ ಹರಳೆಣ್ಣೆಯ ಬಟ್ಟಲು, ಹಳೇ ಸೀರೆಯ ತುಂಡು, ಸೆರಗಿನ ಮರೆಯಲ್ಲಿ ಕುಂಕುಮದ ಭರಣಿ ತಂದಳು. ಮೊದಲು ಆ ಕಡೆ ಈ ಕಡೆ ನೋಡಿದಳು. ಆಮೇಲೆ ಡ್ರಮ್ಮಿನ ಒಳಮೈಗೆ, ಶೂಗಳ ಮೈಗೆ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ನೀಟಾಗಿ ಒರೆಸಿದಳು. ಪ್ರತಿ ಶೂವಿನ ಒಳಮಗ್ಗುಲಿಗೆ ಉಂಗುರ ಬೆರಳಲ್ಲಿ ಒಂದೊಂದು ಬೊಟ್ಟು ಇಟ್ಟಳು. ನಾನು ನೋಡುತ್ತಿರುವುದನ್ನು ಕಂಡು ನಾಚಿಕೊಂಡು ನಕ್ಕಳು.

"ಕಬ್ಬಿಣನ ಹಂಗೆ ಒಣಗಿಸಿ ಇಡ್ಬಾರ್ದು ಕಣಮ್ಮ, ಪಾಪ. ನಿಮ್ಮಪ್ಪನ ಪ್ರಾಣ ಕಾಯೋದು ಇದೇ ಅಂತೆ. ಅದಕ್ಕೊಂದು ಬೊಟ್ಟು ಬೇಡ್ವಾ?"

"ನೀನು ಇಡ್ಬೋದಾ ಅಜ್ಜಿ?"

"ಇದು ಒಳಗಡೆ ಇರೋದು. ಯಾರ್ಗೂ ಕಾಣಲ್ಲ."

ನನ್ನ ಪ್ರಶ್ನೆಗೆ ಅವಳ ನಗು ಹೋಗಿಬಿಟ್ಟಿತು. ಅವಳ ಮುಖ ನೋಡಿ ನಾನು ಒಂದು ಹಿಡಿ ಕಡಲೆಕಾಯಿ ಅವಳ ಮಡಿಲಿಗೆ ಹಾಕಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಹಬ್ಬದ ದಿನ ಬೆಳಗ್ಗೆ ಅಪ್ಪ ಎಲ್ಲವನ್ನೂ ಜೋಡಿಸಿದ. ಸೀಮೆಎಣ್ಣೆ, ಹೊಸ ಬಣ್ಣ, ಗ್ರೀಸು, ಧೂಪ ಎಲ್ಲ ಸೇರಿದ ಆ ವಾಸನೆಯ ನಡುವೆ ಹರಳೆಣ್ಣೆ ಅವನಿಗೆ ಗೊತ್ತಾಗಲಿಲ್ಲ. ಅಜ್ಜಿ ಒರೆಸಿದ್ದು ಅಷ್ಟು ನೀಟಾಗಿತ್ತು, ಶೂಗಳನ್ನು ಅವನು ನೆಟ್ಟಗೆ ನೋಡಿದ್ದೂ ಇಲ್ಲ, ಕೈ ತಾನಾಗಿ ಮಾಡುವ ಕೆಲಸ ಅದು. ಪೂಜೆಯ ಹೊತ್ತಿಗೆ ಅಮ್ಮ ಹಿತ್ತಲ ಕಡೆ ಮುಖ ಮಾಡಿ, "ಅತ್ತೆ, ಆರತಿ ಆಗೋವರ್ಗೂ ಒಳಗೇ ಇರಿ" ಅಂದಳು. ಅಜ್ಜಿ ಆಗಲೇ ಒಳಗಿದ್ದಳು. ಆರತಿಯಾಯಿತು, ಬೂದುಗುಂಬಳ ಒಡೆದದ್ದಾಯಿತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು. ಪೂಜೆ ಮುಗಿದ ಮೇಲೆ ನೆರೆಹೊರೆಯವರನ್ನು ಹತ್ತಿಸಿಕೊಂಡು ಕೆರೆ ಏರಿಯ ಮೇಲಿನ ಮುನೇಶ್ವರನಿಗೆ ಒಂದು ಸುತ್ತು ಹೋಗಿ ಬರುವುದು ನಮ್ಮ ಮನೆಯ ಪದ್ಧತಿ. ವ್ಯಾನಿನ ತುಂಬ ಜನ. ಹೋಗುವಾಗ ಒಂದೆರಡು ಸಲ ಅಪ್ಪ ಬ್ರೇಕು ಒತ್ತಿ, "ತೊಳೆದ ಮೇಲೆ ಒಂದು ದಿನ ಹಿಂಗೇ, ಜಾರ್ತೈತೆ" ಎಂದು ಪಕ್ಕದಲ್ಲಿದ್ದ ನನಗೆ ಹೇಳಿದ. ಮೊದಲು ಮಟ್ಟದ ದಾರಿ, ಆಮೇಲೆ ಏರು, ನಿಧಾನವಾಗಿ ಹೋದೆವು. ಬರುವಾಗ ಏರಿಯ ಇಳಿಜಾರು ಸಿಕ್ಕಿತು.

ಅವನ ಕಾಲು ಕೆಳಗಿನ ತಗಡಿಗೆ ತಾಗುವಷ್ಟು ಒತ್ತಿದ್ದು ನೆನಪಿದೆ. ಕೈಬ್ರೇಕು ಎಳೆದ; ಅದೂ ಅದೇ ಚಕ್ರಗಳನ್ನು ಹಿಡಿಯುವಂಥದು. ಗೇರು ಕಿರುಗುಟ್ಟಿತು. ಕೆಳಗೆ ದಾರಿಯಲ್ಲಿ ನಮ್ಮ ವ್ಯಾನಿಗೆ ಹೂವು ಎರಚಲು ಮಕ್ಕಳು ಗುಂಪಾಗಿ ನಿಂತಿದ್ದರು. ಅಪ್ಪ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿಬಿಟ್ಟ. ವ್ಯಾನು ಬಾಳೆಕಂದು, ಚೆಂಡುಹೂವಿನ ಸಮೇತ ಬಚ್ಚಣ್ಣನ ಹುಳುಮನೆಯ ಮಣ್ಣುಗೋಡೆಗೆ ನುಗ್ಗಿ ನಿಂತಿತು. ಜನಕ್ಕೆ ತರಚುಗಾಯಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಆದರೆ ಒಳಗೆ ಹುಳು ಹಣ್ಣಾಗಿತ್ತು, ಬಿದಿರಿನ ತಟ್ಟಿಯಂಥ ಚಂದ್ರಿಕೆಗಳ ಮೇಲೆ ಬಿಟ್ಟಿದ್ದರು, ಗೂಡು ಕಟ್ಟುವ ದಿನ. ಚಂದ್ರಿಕೆಗಳೆಲ್ಲ ಮಗುಚಿ, ಹುಳುಗಳ ಮೇಲೆ ಗೋಡೆಯ ಮಣ್ಣು ಬಿದ್ದು, ಅದರ ಮೇಲೆ ಪೆಟ್ರೋಲಿನ ವಾಸನೆ. ಮುನಿಯಮ್ಮ ಸಾವಿನ ಮನೆಯಲ್ಲಿ ಅಳುವಂತೆ ಅತ್ತಳು. ಯಾರೋ ಹಿಂದಿನಿಂದ, "ಹಬ್ಬದ ದಿನ ಅಲ್ವಾ, ಏರಿಸ್ಕೊಂಡವ್ನೆ" ಅಂದರು. "ಬ್ರೇಕ್ ಹಿಡೀಲಿಲ್ಲ" ಎಂದು ಅಪ್ಪ ಅಂದ. "ನಿನ್ನೆ ತಾನೆ ಬಿಚ್ಚಿ ತೊಳ್ದು ಬಣ್ಣ ಹೊಡೆದಿದ್ದನ್ನ ಊರೇ ನೋಡೈತಲ್ಲಪ್ಪ" ಎಂದು ಇನ್ನೊಬ್ಬರು ಅಂದರು. ಜೋಡೆತ್ತು ಕಟ್ಟಿ ವ್ಯಾನನ್ನು ಮನೆಗೆ ಎಳೆದು ತಂದರು. ಬೀದಿಯ ಎರಡೂ ಕಡೆ ಜನ ಜಗಲಿಗೆ ಬಂದು ನೋಡಿದರು, ನಾನು ಮುಖ ಮುಚ್ಚಿಕೊಂಡು ಅದರ ಹಿಂದೆ ನಡೆದೆ.

ಮಾರನೆಯ ಬೆಳಗ್ಗೆ ಅಪ್ಪ ಒಂದು ಚಕ್ರ ಕಳಚಿ ಡ್ರಮ್ಮು ತೆಗೆದ. ಶೂವಿನ ಮೇಲೆ ಬೆರಳಾಡಿಸಿದ. ಬೆರಳನ್ನು ಮೂಗಿಗೆ ಹಿಡಿದ. ಆಮೇಲೆ ಬಗ್ಗಿ ಒಳಮಗ್ಗುಲು ನೋಡಿದ. ಕುಂಕುಮದ ಬೊಟ್ಟು ಅಲ್ಲೇ ಇತ್ತು. ಅವನು ತಲೆಯೆತ್ತಿ ಹಿತ್ತಲ ಬಾಗಿಲ ಕಡೆ ನೋಡಿದ. ಅಜ್ಜಿ ಹೊಸ್ತಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು, ಇವನ ಕಡೆ ಅವಳ ಬೆನ್ನು. ಅಪ್ಪ ಹೆಬ್ಬೆರಳಿನಿಂದ ಆ ಬೊಟ್ಟನ್ನು ಅಳಿಸಿದ. ಅಷ್ಟರಲ್ಲಿ ಪಟೇಲರು, ಬಚ್ಚಣ್ಣ, ಇನ್ನೂ ಕೆಲವರು ಕೊಟ್ಟಿಗೆಗೆ ಬಂದರು, ಅವರ ಹಿಂದೆ ಮುನಿಯಮ್ಮ. ಅಪ್ಪ ಗಡಬಡಿಸಿ ಡ್ರಮ್ಮನ್ನು ಮತ್ತೆ ಕೂರಿಸಿದ. ಪಟೇಲರು ನ್ಯಾಯವಂತರು, ದನಿಯೆತ್ತಿ ಮಾತಾಡುವವರಲ್ಲ.

"ನೋಡಪ್ಪ ನಾರಾಯಣಪ್ಪ, ಜನ ಏನೇನೋ ಮಾತಾಡ್ತಾರೆ. ನೀನು ಬ್ರೇಕ್ ಹಿಡೀಲಿಲ್ಲ ಅಂತೀಯ. ನಾಲ್ಕೂ ಚಕ್ರ ಬಿಚ್ಚು, ನಮ್ಮ ಮುಂದೇನೇ. ಎಲ್ಲಾದ್ರೂ ಕೆಟ್ಟಿದ್ರೆ ದೇವರ ಇಚ್ಛೆ, ಯಾರೇನು ಮಾಡೋಕಾಗ್ತೈತೆ? ನಿನ್ನ ಮೇಲೆ ಮಾತು ಬರಲ್ಲ."

ಅಪ್ಪನ ಕೈ ಚಕ್ರದ ಮೇಲಿತ್ತು. ಅವನಿಗೆ ಬೇಕಾಗಿದ್ದ ದಾರಿ ಅದೇ, ಪಟೇಲರೇ ತಂದು ಮುಂದಿಟ್ಟಿದ್ದರು. ಆದರೆ ಮಿಕ್ಕ ಮೂರು ಚಕ್ರಗಳ ಒಳಗೆ ಏನಿದೆ ಎಂದು ಅವನಿಗೆ ಗೊತ್ತಿತ್ತು. ಮುನಿಯಮ್ಮ ಅಲ್ಲೇ ನಿಂತಿದ್ದಾಳೆ, ಸೊಪ್ಪು ಹೆಚ್ಚಿಕೊಟ್ಟ ಕೈಯನ್ನೇ ಬೀದಿಗೆಳೆದವಳು. ಕುಂಕುಮ ಕಂಡರೆ ಯಾರು ಇಟ್ಟದ್ದೆಂದು ಕೇಳುತ್ತಾರೆ. ಇವೆಲ್ಲ ನಾನು ಈಗ ಕೂತು ಜೋಡಿಸಿಕೊಂಡದ್ದು. ಆಗ ನನಗೆ ಕಂಡದ್ದು ಅಪ್ಪ ಚಕ್ರದ ಮೇಲಿಂದ ಕೈ ತೆಗೆದದ್ದು ಮಾತ್ರ.

"ಬಿಚ್ಚೋದು ಬೇಡ. ನಾನು ಕುಡ್ದಿದ್ದೆ."

ಪಟೇಲರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ಮಕ್ಕಳು ಮರಿ ತುಂಬಿಸ್ಕೊಂಡು ಕುಡಿದು ಬಿಟ್ಟೆಯೇನಯ್ಯಾ" ಅಂದರು. ಗೋಡೆಯನ್ನು ಅವನೇ ಮಣ್ಣು ತುಳಿದು ಎಬ್ಬಿಸಿಕೊಡಬೇಕು, ಊರವರು ಹೇಳುವವರೆಗೆ ಜನರನ್ನು ಹತ್ತಿಸಿಕೊಳ್ಳಬಾರದು ಎಂದು ತೀರ್ಮಾನವಾಯಿತು. ಬಚ್ಚಣ್ಣ ಅಪ್ಪನ ಮುಖವನ್ನೂ ನೋಡದೆ ಹೊರಟ.

ಅಮ್ಮ ಊಟಕ್ಕೆ ಬಡಿಸಿ ಎದುರಿಗೆ ನಿಂತಳು. ಹಬ್ಬದ ಒಬ್ಬಟ್ಟು ತಟ್ಟೆಯಲ್ಲಿತ್ತು, ಯಾರೂ ಮುಟ್ಟಲಿಲ್ಲ.

"ನಾನು ನೋಡ್ದಂಗೆ ನೀವು ಯಾವತ್ತೂ ಮುಟ್ಟಿಲ್ಲ. ನಾನು ನೋಡ್ದೆ ಇರೋವಾಗ ಮುಟ್ಟಿದ್ರಾ? ಅಷ್ಟು ಹೇಳಿಬಿಡಿ ಸಾಕು."

"ಊರಿಗೆ ಹೇಳಿದ್ದೇ ಮನೆಗೂ."

"ಮಗಳು ಮುಂದೆ ಕೂತಿದ್ಲು. ಅವಳನ್ನ ಸಾಯಿಸ್ಬಿಡ್ತಿದ್ರಲ್ಲ!"

ಅಂದಿನಿಂದ ಅಮ್ಮ ಅಪ್ಪನಿಗೆ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ನಿಜ ಏನೆಂದು ಅವಳು ನಂಬಿದ್ದು ಎಷ್ಟೋ ತಿಂಗಳ ನಂತರ, ಅಜ್ಜಿ ಕಾಯಿಲೆ ಬಿದ್ದಾಗ. ಆಗ ಅವಳು ಅತ್ತದ್ದು ಅಜ್ಜಿಗಾಗಿಯೋ, ಅಪ್ಪನಿಗಾಗಿಯೋ, ತಾನು ಊರಿನ ಮಾತು ನಂಬಿದ್ದಕ್ಕೋ ನನಗೆ ಗೊತ್ತಿಲ್ಲ. ಇಸ್ಕೂಲಿನಲ್ಲಿ ಹುಡುಗರು ಮೇಷ್ಟರು ಬರುವ ಮುಂಚೆ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದವರಂತೆ ತೂರಾಡಿಕೊಂಡು ಬಂದು ನನ್ನ ಬೆಂಚಿಗೆ ಗುದ್ದುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯನ್ನು ಅವರಮ್ಮ ಬೇರೆ ಕಡೆ ಕೂರಿಸಿದಳು. ವ್ಯಾನ್ ನಾರಾಯಣಪ್ಪ ಹೋಗಿ ಕುಡುಕ ನಾರಾಯಣಪ್ಪ ಆಯಿತು. ನಾನು ಅಪ್ಪನ ಮೇಲೆ ಉರಿದುಬಿದ್ದೆ. ಬಚ್ಚಣ್ಣನ ಮನೆ ಮುಂದೆ ಅವನು ಪಂಚೆ ಎತ್ತಿಕಟ್ಟಿ ಕೆಸರು ತುಳಿಯುತ್ತಿದ್ದರೆ ನಾನು ಇಸ್ಕೂಲಿನಿಂದ ಬರುವಾಗ ತೋಪಿನ ಕಡೆಯಿಂದ ಸುತ್ತಿಕೊಂಡು ಬರುತ್ತಿದ್ದೆ. ಒಂದು ದಿನ ಅದೇ ದಾರಿಯಲ್ಲಿ ಅಜ್ಜಿ ಎದುರಾದಳು. ಇಬ್ಬರೂ ಏನೂ ಕೇಳಿಕೊಳ್ಳದೆ ಮನೆಗೆ ಬಂದೆವು.

ಸುಮಾರು ದಿನ ಕಳೆದ ಮೇಲೆ, ಒಂದು ಬೆಳಗ್ಗೆ ಗೋಡೆ ಕೆಲಸಕ್ಕೆ ಹೋಗುವ ಮುಂಚೆ, ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಕೆಂಡ ಮಾಡಿದ. ನಾಲ್ಕೂ ಚಕ್ರದ ಶೂಗಳನ್ನು ಬಿಚ್ಚಿ ತಂದು, ಕುಂಕುಮ ಅಳಿಸಿ, ಒಂದೊಂದಾಗಿ ಕೆಂಡದ ಮೇಲೆ ಹಿಡಿದ. ಶೂವಿನ ಮೈಯಿಂದ ಎಣ್ಣೆ ಜಿನುಗಿ ಗುಳ್ಳೆ ಎದ್ದು ಹೊಗೆಯಾಗತೊಡಗಿತು. ಒಲೆಯ ಮುಂದಿದ್ದ ಅಜ್ಜಿ ಎದ್ದು ಬಂದಳು. ತಾನೇ ಹುರಿದು ಕು‍ಟ್ಟಿ ಕುದಿಸಿದ ಎಣ್ಣೆಯ ವಾಸನೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನೋ ಅದು, ಹರಳೆಣ್ಣೆ ವಾಸ್ನೆ?"

"ಇಲ್ಲಮ್ಮ. ಗಾಡಿ ಎಣ್ಣೆ."

ಅವಳು ಹತ್ತಿರ ಬಂದು ಕೂತಳು. ಎಣ್ಣೆ ಕುದಿದು ಕೆಂಡದ ಮೇಲೆ ಬೀಳುವುದನ್ನು ನೋಡಿದಳು.

"ಇದಕ್ಕೆ ಎಣ್ಣೆ ತಾಗಿದ್ರೆ ಏನಾಗ್ತೈತೆ?"

"ಏನೂ ಆಗಲ್ಲಮ್ಮ."

"ಮತ್ತೆ ಯಾಕೋ ಸುಡ್ತಿದ್ದೀಯ?"

ಅಪ್ಪ ಇಕ್ಕಳದಲ್ಲಿ ಇನ್ನೊಂದು ಶೂ ಎತ್ತಿ ಕೆಂಡಕ್ಕೆ ಹಿಡಿದ. ಅಜ್ಜಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆ ಕ್ಷಣ ನನಗೂ ಅರ್ಥವಾಯಿತು. ಚೊಂಬಿನೊಳಗೆ ಅಂಗೈ ಒತ್ತಿ ಹಿಡಿದು ತೋರಿಸಿದ್ದನಲ್ಲ. ಎಣ್ಣೆ ಕೈಯಲ್ಲಿ ಚೊಂಬು ಹಿಡಿಯಲಾಗುವುದಿಲ್ಲ ಎಂದು ಯಾವ ಮಗುವಿಗೆ ಗೊತ್ತಿಲ್ಲ? ಅಪ್ಪ ಬೆಂಕಿ ಆರಿಸಿ ಗುದ್ದಲಿ ತೆಗೆದುಕೊಂಡು ಹೋದ ಮೇಲೂ ಅವಳು ಅಲ್ಲೇ ಕೂತಿದ್ದಳು. ಆಮೇಲೆ ಎದ್ದು ಮುಖ ತೊಳೆದು, ನನ್ನ ಕೈ ಹಿಡಿದುಕೊಂಡು, ತೋಪಿನ ಕಡೆ ತಿರುಗದೆ ನೆಟ್ಟಗೆ ಬಚ್ಚಣ್ಣನ ಬೀದಿಗೆ ನಡೆದಳು.

ಮುನಿಯಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಆರಿಸುತ್ತಿದ್ದಳು. ಅಕ್ಕಪಕ್ಕದ ಹೆಂಗಸರಿದ್ದರು. ಅರ್ಧ ಎದ್ದ ಗೋಡೆಯ ಹತ್ತಿರ ಅಪ್ಪ ಮಣ್ಣಿನ ಹೆಂಟೆ ಇಡುತ್ತಿದ್ದ. ಅಜ್ಜಿ ಜಗಲಿಗೆ ಹತ್ತಲಿಲ್ಲ, ಬೀದಿಯಲ್ಲೇ ನಿಂತಳು. ಗಾಬರಿಯಾದಾಗ ಅವಳ ಬಾಯಿಗೆ ನಗರಗೆರೆಯ ತೆಲುಗು ಬರುತ್ತಿತ್ತು. "ನಾ ಕೊಡುಕು ತಾಗಲೇದು" ಅಂದಳು, ನನ್ನ ಮಗ ಕುಡಿದಿರಲಿಲ್ಲ ಎಂದು. ಆಮೇಲೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು.

"ಚಕ್ರದೊಳಗಿನ ಕಬ್ಬಿಣಕ್ಕೆ ಹರಳೆಣ್ಣೆ ಸವರಿದ್ದು ನಾನು. ಕುಂಕುಮ ಇಟ್ಟಿದ್ದೂ ನಾನೇ. ಅದಕ್ಕೇ ಬ್ರೇಕ್ ಹಿಡೀಲಿಲ್ಲ. ಏನು ಅನ್ನೋದಿದ್ರೂ ನನ್ನ ಅನ್ನಿ. ಅವನನ್ನ ಕುಡುಕ ಅನ್ಬೇಡಿ."

ಗೋಡೆಯ ಕಡೆಯಿಂದ ಅಪ್ಪ ಬೇಗ ಬೇಗ ಬಂದ. ಮೊಣಕಾಲವರೆಗೆ ಕೆಸರು.

"ಅವಳ ಮಾತು ಕಟ್ಕೋಬೇಡಿ ಮುನಿಯಕ್ಕ. ನನ್ನ ಉಳಿಸೋಕೆ ಏನೇನೋ ಹೇಳ್ತಾಳೆ. ವಯಸ್ಸಾಯ್ತು ನೋಡಿ."

"ನಾನು ಸುಳ್ಳು ಹೇಳ್ತೀನೇನೋ ನಾರಾಯಣ?"

"ಸುಳ್ಳೇ ಕಣಮ್ಮ. ಹೋಗು ಮನೆಗೆ."

ತಾಯಿಯನ್ನು ಸುಳ್ಳಿ ಎನ್ನುವಾಗ ಅವನ ದನಿ ನಡುಗಿತು. ಹೆಂಗಸರಿಗೆ ಅದು ಕುಡಿತದ ನಡುಕದಂತೆ ಕೇಳಿಸಿರಬೇಕು, ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿದಳು.

"ಇವಳು ನೋಡವ್ಳೆ. ಹೇಳೇ ರತ್ನ. ನಾನು ಎಣ್ಣೆ ಹಚ್ಚೋದು ನೀನು ನೋಡ್ಲಿಲ್ವಾ?"

ಅಪ್ಪ ನನ್ನ ಕಡೆ ನೋಡಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದ, ಬೇಡ ಎಂದು. ಅಜ್ಜಿಯ ಕೈ ನನ್ನ ಬೆನ್ನ ಮೇಲಿತ್ತು. ಹೌದೆಂದರೆ ಅಜ್ಜಿಯ ಮಾನ ಹೋಗುತ್ತದೆ, ಇಲ್ಲವೆಂದರೆ ಅಪ್ಪನದು. ನನಗೆ ಅಳು ಬಂತು. ಅಳುತ್ತಲೇ ಹೇಳಿದೆ.

"ನೋಡ್ದೆ. ಅಜ್ಜಿನೇ ಹಚ್ಚಿದ್ದು."

ನಿಜ ಹೇಳಿದ ಮೇಲೆ ಏನೋ ಆಗುತ್ತದೆ, ಆಕಾಶ ಕಳಚಿ ಬೀಳುತ್ತದೆ ಎಂದು ನಾನು ಕಾದೆ. ಮುನಿಯಮ್ಮ ಸೊಪ್ಪಿನ ಮಂಕರಿ ಪಕ್ಕಕ್ಕಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

"ಕನ್ನ ಕಡುಪು ಕದಮ್ಮಾ" ಅಂದಳು, ಹೆತ್ತ ಹೊಟ್ಟೆ ಅಲ್ಲವೇ ಎಂದು. "ಹೆತ್ತೋಳು ಇನ್ನೇನು ಹೇಳ್ತಾಳೆ? ನಾನಾಗಿದ್ರೂ ಇದನ್ನೇ ಹೇಳ್ತಿದ್ದೆ. ಆದ್ರೆ ಕುಡಿದವನೇ ಕುಡ್ದೆ ಅಂತ ಪಟೇಲರ ಮುಂದೆ ಒಪ್ಕೊಂಡವ್ನೆ. ಈ ಮಗೂಗೆ ಯಾಕಮ್ಮ ಸುಳ್ಳು ಹೇಳ್ಕೊಟ್ಟು ಕರ್ಕೊಂಡು ಬಂದೆ? ಅದನ್ನೂ ಕೆಡಿಸ್ಬೇಡ. ಹೋಗು, ಮನೆಗೆ ಹೋಗು."

ಹೆಂಗಸರು ಹೌದೌದು ಎಂದರು. ಒಂದು ವರ್ಷದಿಂದ ಬಚ್ಚಣ್ಣನ ಬೀದಿಗೆ ಬಾರದಿದ್ದ ಅಜ್ಜಿ, ಬಂದು ಹೇಳಿದ ಒಂದೇ ಒಂದು ನಿಜ ಅಲ್ಲೇ ಬೀದಿಯಲ್ಲಿ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಬೈದಿದ್ದರೆ ಅವಳಿಗೆ ಹೇಗೆ ತಡೆದುಕೊಳ್ಳಬೇಕೆಂದು ಗೊತ್ತಿತ್ತು, ಅಭ್ಯಾಸವಿತ್ತು. ಆಮೇಲೆ ಸೆರಗು ತಲೆಗೆಳೆದುಕೊಂಡು ನನ್ನ ಕೈಯನ್ನೂ ಹಿಡಿಯದೆ ಹೊರಟುಹೋದಳು.

ಅಪ್ಪ ನನ್ನನ್ನು ಕರೆದುಕೊಂಡು ಅವಳ ಹಿಂದೆ ಬಂದ. ಬೀದಿ ತಿರುಗಿದ ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ, ನಿಂತ. ನಾನಿನ್ನೂ ಬಿಕ್ಕುತ್ತಿದ್ದೆ. ಅವನ ಕೈ ತುಂಬ ಕೆಸರಿತ್ತು. ನನ್ನ ಮುಂದೆ ಮಂಡಿಯೂರಿ ಕೂತು, ಹೆಗಲ ಮೇಲಿದ್ದ ಟವೆಲಿನ ಒಣ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದುಕೊಂಡು, ಅದರಿಂದ ನನ್ನ ಮುಖ ಒರೆಸಿದ. ಆ ದಿನಗಳಲ್ಲಿ ನನಗೊಂದು ಚಾಳಿ ಬಂದಿತ್ತು. ಅಪ್ಪ ಹತ್ತಿರ ಬಂದಾಗಲೆಲ್ಲ, ತಟ್ಟೆ ಕೊಡಲಿ, ಜಡೆ ಎಳೆಯಲಿ, ಯಾರಿಗೂ ತಿಳಿಯದ ಹಾಗೆ ಅವನ ಬಾಯಿಯ ವಾಸನೆ ನೋಡುತ್ತಿದ್ದೆ. ಎಂದೂ ಏನೂ ಸಿಕ್ಕಿರಲಿಲ್ಲ, ಆದರೂ ಬಿಟ್ಟಿರಲಿಲ್ಲ. ಈಗ ನನಗೆ ಎಲ್ಲ ಗೊತ್ತಿತ್ತು. ಅವನು ಮುಟ್ಟಿಲ್ಲವೆಂದು ಅರೆಗಳಿಗೆಯ ಹಿಂದೆ ನಾನೇ ಊರ ಮುಂದೆ ಸಾಕ್ಷಿ ಹೇಳಿ ಬಂದಿದ್ದೆ. ಆದರೂ ಅವನ ಮುಖ ನನ್ನ ಮುಖದ ಹತ್ತಿರ ಬಂದಾಗ ನನ್ನ ಮೂಗು ತಾನಾಗಿಯೇ ಅರಳಿ ಒಂದು ಸಲ ಉಸಿರೆಳೆದುಕೊಂಡಿತು.

ಅಪ್ಪನ ಕೈ ನಿಂತಿತು. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅವನ ಕಣ್ಣು ನೋಡಿದಾಗ ನನಗೆ ತಿಳಿಯಿತು. ಅವನು ಸಿಟ್ಟಾಗಲಿಲ್ಲ. ಇನ್ನಷ್ಟು ಹತ್ತಿರಕ್ಕೆ ಬಾಗಿ, ಬಾಯಿ ದೊಡ್ಡದಾಗಿ ತೆರೆದು, ನನ್ನ ಮುಖದ ಮೇಲೆ ಮೆತ್ತಗೆ ಉಸಿರು ಬಿಟ್ಟ.

"ನೋಡ್ಕೋ ಕಣಮ್ಮ," ಅಂದ. "ಇನ್ನೊಂದು ಸಲ ನೋಡ್ಕೋ."